ಸಂಜೆಯ ಜಮಾ-ಖರ್ಚು

ರಾಯರು ಮೂವತ್ತಾರು ವರ್ಷ ಖಜಾನೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅಷ್ಟು ದೀರ್ಘಕಾಲ ಒಂದೇ ಇಲಾಖೆಯ ಅನ್ನವನ್ನುಂಡವರಿಗೆ ಅದರ ರುಚಿ ಸುಲಭವಾಗಿ ನಾಲಗೆಯನ್ನು ಬಿಟ್ಟು ಹೋಗದು. ಲೋಕದ ಯಾವ ವಸ್ತುವನ್ನು ಕಂಡರೂ ‘ಇದು ಯಾವ ಲೆಕ್ಕಶೀರ್ಷಿಕೆಗೆ ಸೇರತಕ್ಕದ್ದು?’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. ಬೀದಿಯ ದೀಪವನ್ನು ಕಂಡರೆ ನಗರಪಾಲಿಕೆಯ ಲೆಕ್ಕ. ಸಾಲುಮರವನ್ನು ಕಂಡರೆ ಅರಣ್ಯ ಇಲಾಖೆಯದೋ ಲೋಕೋಪಯೋಗಿ ಇಲಾಖೆಯದೋ ಎಂಬ ಜಿಜ್ಞಾಸೆ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ ಕೂಡ, ಹೋಳಿಗೆಯ ಖರ್ಚು ಹೆಣ್ಣಿನವರದೋ ಗಂಡಿನವರದೋ ಎಂದು ಪಕ್ಕದವರನ್ನು ಮೆಲ್ಲನೆ ವಿಚಾರಿಸುವುದುಂಟು. ಭೂಮಿಯ ಮೇಲೆ ಲೆಕ್ಕಕ್ಕೆ ಸೇರದ ವಸ್ತುವೇ ಇಲ್ಲವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಆ ನಂಬಿಕೆ ಸಡಿಲಿದ್ದು ಹನ್ನೆರಡು ವರ್ಷದ ಮೊಮ್ಮಗನಿಂದ.

2025ರ ಸಂಕ್ರಾಂತಿಗೆ ರಾಯರು ಮೈಸೂರಿನಿಂದ ಬೆಂಗಳೂರಿನ ಮಗನ ಮನೆಗೆ ಬಂದಿದ್ದರು. ಹುಡುಗ ಏಳನೆಯ ತರಗತಿ. ಅವನ ಕೊರಳಲ್ಲಿ ಒಂದು ಕರಿಯ ದಾರ. ಅದರ ತುದಿ ಅಂಗಿಯೊಳಗೆ ಅಡಗಿತ್ತು.

“ಇದೇನೋ ಮಗು, ತಾಯಿತವೆ?” ಎಂದು ರಾಯರು ಕೇಳಿದರು.

“ಅಲ್ಲ ತಾತ, ಮನೆಯ ಬೀಗದಕೈ,” ಎಂದು ಹುಡುಗ ದಾರವನ್ನೆಳೆದು ತೋರಿಸಿದ.

ತಾಯಿತವಾಗಿದ್ದರೆ ರಾಯರಿಗೆ ಸಮಾಧಾನವಾಗುತ್ತಿತ್ತು. ಕಾಪಾಡುವವರೊಬ್ಬರು ಇದ್ದಾರೆಂಬ ಭರವಸೆಯಾದರೂ ಅದರಲ್ಲಿ ಇರುತ್ತದೆ. ಬೀಗದಕೈ ಹೇಳುವುದಾದರೋ ಅದಕ್ಕೆ ತದ್ವಿರುದ್ಧವಾದ ಮಾತು: ಮನೆಯಲ್ಲಿ ಯಾರೂ ಇಲ್ಲ. ಮಗ ಮತ್ತು ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಹಿಂದಿರುಗುವುದು ಸಂಜೆ ಏಳೂವರೆಗೆ. ಹುಡುಗನನ್ನು ಶಾಲೆಯ ವ್ಯಾನು ನಾಲ್ಕು ಗಂಟೆಗೆ ಬಾಗಿಲಿಗೆ ತಂದು ಇಳಿಸುತ್ತದೆ. ಅವನು ಬೀಗ ತೆಗೆದು, ಡಬ್ಬಿಯಲ್ಲಿಟ್ಟ ತಿಂಡಿಯನ್ನು ತಿಂದು, ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತುಕೊಳ್ಳಬೇಕು. ಕುಳಿತು ಏನು ಮಾಡುತ್ತಾನೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಕೈಯಲ್ಲಿ ಮೊಬೈಲು ಇದೆ. ಮನೆಯ ಮಕ್ಕಳನ್ನು ಸುಮ್ಮನೆ ಕೂರಿಸುವ ವಿದ್ಯೆಯಲ್ಲಿ ಅದನ್ನು ಮೀರಿಸುವ ದಾದಿ ಇನ್ನೂ ಹುಟ್ಟಿಲ್ಲ.

“ಬೇರೆ ದಾರಿ ಇಲ್ಲ ಮಾವ,” ಎಂದಳು ಸೊಸೆ. ಆ ದನಿಯಲ್ಲಿ ತಪ್ಪೊಪ್ಪಿಗೆಯೂ ಇತ್ತು, ತಪ್ಪು ತನ್ನೊಬ್ಬಳದಲ್ಲವೆಂಬ ಅಭಿಮಾನವೂ ಇತ್ತು. ಎರಡೂ ನ್ಯಾಯವಾದುವೇ.

ರಾಯರು ಮೊಮ್ಮಗನನ್ನು ಗದರಿಸಲಿಲ್ಲ. ಮರುದಿನ ಸಂಜೆ ಅವನನ್ನು ಕರೆದುಕೊಂಡು ಬಡಾವಣೆಯ ಉದ್ಯಾನಕ್ಕೆ ಹೋದರು. ಬಾಗಿಲಲ್ಲೇ ಒಂದು ಹಲಗೆ: ಚೆಂಡಾಟ ನಿಷಿದ್ಧ, ಸೈಕಲ್ ಸವಾರಿ ನಿಷಿದ್ಧ, ಹುಲ್ಲಿನ ಮೇಲೆ ನಡೆಯುವುದು ನಿಷಿದ್ಧ. ಒಳಗೆ ಹಿರಿಯರು ಸುತ್ತು ಹಾಕಲು ಕಲ್ಲು ಹಾಸಿದ ದಾರಿಯಿತ್ತು. ಪುಟ್ಟ ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆಗಳಿದ್ದುವು. ಹುಡುಗ ಉಯ್ಯಾಲೆಯ ಬಳಿ ನಿಂತಾಗ ಕಾವಲುಗಾರ, “ಅದು ಚಿಕ್ಕವರದು ಕಣಪ್ಪ,” ಎಂದ. ಚೆಂಡನ್ನು ಹೊರತೆಗೆದಾಗ, “ದೊಡ್ಡವರಿಗೆ ತಗಲುತ್ತದೆ ಕಣಪ್ಪ,” ಎಂದ. ಹನ್ನೆರಡರ ವಯಸ್ಸು ಎಂತಹದೆಂಬುದು ರಾಯರಿಗೆ ಆಗ ಹೊಳೆಯಿತು. ಅತ್ತ ಚಿಕ್ಕವರ ಪಟ್ಟಿಯಲ್ಲಿಲ್ಲ, ಇತ್ತ ದೊಡ್ಡವರ ಪಟ್ಟಿಯಲ್ಲಿಲ್ಲ; ತ್ರಿಶಂಕುವಿಗಾದರೆ ಅವನದೇ ಒಂದು ಸ್ವರ್ಗವಾದರೂ ಇತ್ತು.

ಉದ್ಯಾನದಾಚೆ ಒಂದು ಕ್ರಿಕೆಟ್ ತರಬೇತಿ ಮೈದಾನವಿತ್ತು. ಅಲ್ಲಿ ಬಿಳಿಯ ಉಡುಪಿನ ಹುಡುಗರು ಬಲೆಯೊಳಗೆ ಚೆಂಡನ್ನು ಹೊಡೆಯುತ್ತಿದ್ದರು. ತಿಂಗಳ ಶುಲ್ಕ, ಉಡುಪಿನ ಶುಲ್ಕ, ಸೇರುವಾಗಿನ ಶುಲ್ಕ ಎಲ್ಲವನ್ನೂ ಕೂಡಿಸಿ ರಾಯರು ಮೌನವಾಗಿ ಮುಂದೆ ನಡೆದರು. ಅದರಾಚೆ ಒಂದು ಸರ್ಕಾರಿ ಶಾಲೆ. ಎರಡು ಬೇವಿನ ಮರ. ಅವುಗಳ ನಡುವೆ ನೂರು ಹುಡುಗರು ಆಡಬಹುದಾದ ಬಯಲು. ಅದರ ಗೇಟಿಗೆ, ತೆಂಗಿನಕಾಯಿಯಷ್ಟು ದಪ್ಪನೆಯ ಬೀಗ! ಗೋಡೆಯ ಹೊರಗೆ ರಸ್ತೆಯಲ್ಲಿ, ಓಡಾಡುವ ವಾಹನಗಳ ಮಧ್ಯೆ, ಅದೇ ಶಾಲೆಯ ಐದಾರು ಮಕ್ಕಳು ಚೆಂಡಾಡುತ್ತಿದ್ದರು.

ಅಂದು ರಾತ್ರಿ ರಾಯರಿಗೆ ಬೇಗನೆ ನಿದ್ರೆ ಬರಲಿಲ್ಲ. ತಾವು ಹುಡುಗರಾಗಿದ್ದ ಕಾಲದ ಮೈಸೂರಿನ ಓಣಿ ಕಣ್ಣೆದುರು ನಿಂತಿತು. ಬುಗುರಿ, ಲಗೋರಿ, ಚಿನ್ನಿದಾಂಡು. ಅದಕ್ಕೆ ಯಾರು ಶುಲ್ಕ ಕೊಟ್ಟಿದ್ದರು? ಯಾವ ಸರ್ಕಾರ ಅನುದಾನ ಕೊಟ್ಟಿತ್ತು? ಎಲ್ಲವೂ ಪುಕ್ಕಟೆಯಾಗಿತ್ತಲ್ಲ ಎಂದುಕೊಳ್ಳುವಷ್ಟರಲ್ಲಿ ಲೆಕ್ಕಿಗನ ಮನಸ್ಸು ತಡೆಯಿತು. ಜಗಲಿಯ ಮೇಲೆ ಅಜ್ಜಿ ಕುಳಿತಿರುತ್ತಿದ್ದರು. ಹೂಬತ್ತಿ ಹೊಸೆಯುತ್ತ, ಯಾವ ಹುಡುಗ ಯಾರ ಕೈ ತಿರುಚಿದ, ಯಾರು ಬಾವಿಯ ಕಡೆ ಓಡಿದ, ಯಾರ ಮೊಣಕಾಲು ಒಡೆಯಿತು ಎಂಬುದನ್ನೆಲ್ಲ ಒಂದೇ ಕಣ್ಣಳತೆಯಲ್ಲಿ ಹಿಡಿದಿರುತ್ತಿದ್ದರು. ಮೂರನೆಯ ಮನೆಯ ಜಗಲಿಯಲ್ಲಿ ಇನ್ನೊಬ್ಬ ಅಜ್ಜಿ. ಹಿತ್ತಲ ಬಾಗಿಲಲ್ಲಿ ಒಬ್ಬ ಸೋದರತ್ತೆ. ಓಣಿಯ ಆಟಕ್ಕೆ ಮೇಲ್ವಿಚಾರಕರಿದ್ದರು. ಅವರಿಗೆ ಸಂಬಳವಿರಲಿಲ್ಲ, ಅಷ್ಟೆ. ಸಂಜೆ ಎಂದೂ ಪುಕ್ಕಟೆಯಾಗಿರಲಿಲ್ಲ. ಅದರ ವೆಚ್ಚವನ್ನು ಮನೆಯ ಹೆಂಗಸರು ತಮ್ಮ ಆಯುಸ್ಸಿನಿಂದ ಭರಿಸುತ್ತಿದ್ದರು, ಯಾರೂ ಅದನ್ನು ಪುಸ್ತಕಕ್ಕೆ ಏರಿಸಿರಲಿಲ್ಲ. ಈಗ ಅವರ ಮೊಮ್ಮಕ್ಕಳಾದ ಹೆಣ್ಣುಮಕ್ಕಳು ಕಚೇರಿಗೆ ಹೋಗುತ್ತಾರೆ. ಹಳೆಯ ಸಾಲ ಈಗ ಮೊದಲ ಬಾರಿಗೆ ಲೆಕ್ಕಕ್ಕೆ ಬಂದು ನಿಂತಿದೆ.

ಆ ವರ್ಷದ ಫೆಬ್ರವರಿಯ ಕೊನೆಯಲ್ಲಿ ರಾಯರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಪ್ರಯಾಣ ಮಾಡಿದರು. ಅಲ್ಲಿಯೂ ಗಂಡಹೆಂಡಿರಿಬ್ಬರೂ ದುಡಿಯುವವರು. ಅಲ್ಲಿಯೂ ಏಳನೆಯ ತರಗತಿಯಲ್ಲಿ ಓದುವ ಒಬ್ಬಳು ಮೊಮ್ಮಗಳು. ಅವಳ ಕೊರಳಲ್ಲಿಯೂ ದಾರವಿರುತ್ತದೆಂದೇ ರಾಯರು ಎಣಿಸಿದ್ದರು. ಇರಲಿಲ್ಲ.

“ಸಂಜೆ ಮಗು ಎಲ್ಲಿರುತ್ತಾಳಮ್ಮ?” ಎಂದು ಕೇಳಿದರು.

“ಶಾಲೆಯಲ್ಲೇ ಇರುತ್ತಾಳಪ್ಪ. ಆರು ಗಂಟೆಗೆ ಹೋಗಿ ಕರೆದುಕೊಂಡು ಬರಬೇಕು. ಇವತ್ತು ನೀವೂ ಬನ್ನಿ,” ಎಂದಳು ಮಗಳು.

ಅವರದು ಬಾಡಿಗೆಯ ಮನೆ. ಸುತ್ತಮುತ್ತ ಹೋಟೆಲುಗಳಲ್ಲಿ, ತೋಟಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ವಲಸೆಗಾರರ ಸಂಸಾರಗಳೇ ಹೆಚ್ಚು. ಶಾಲೆಯೂ ಅಂತಹದೇ. ರಾಯರು ಹೋದಾಗ ಮೈದಾನದಲ್ಲಿ ಒಂದು ಗುಂಪು ಬ್ಯಾಸ್ಕೆಟ್‌ಬಾಲ್ ಆಡುತ್ತಿತ್ತು. ಒಂದು ಕೊಠಡಿಯಲ್ಲಿ ಮನೆಗೆಲಸದ ಲೆಕ್ಕಗಳು, ಇನ್ನೊಂದರಲ್ಲಿ ತಮಟೆಯಂತಹ ವಾದ್ಯಗಳ ಭರ್ಜರಿ ಸದ್ದು. ಗುಂಪಿಗೊಬ್ಬರಂತೆ ತರುಣ ತರುಣಿಯರು ನಿಂತಿದ್ದರು. ಹೆಚ್ಚಿನವರು ಕಾಲೇಜಿನಲ್ಲಿ ಓದುತ್ತ, ಸಂಜೆ ಈ ಕೆಲಸದಿಂದ ಸಂಪಾದಿಸುವವರು. ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ದೊಡ್ಡ ದಾಖಲೆ ಪುಸ್ತಕ. ಮಗುವನ್ನು ಕರೆದೊಯ್ಯುವವರು ಅದರಲ್ಲಿ ಹೊತ್ತನ್ನು ಬರೆದು ರುಜು ಹಾಕಬೇಕು. ರಾಯರಿಗೆ ಆ ಪುಸ್ತಕವನ್ನು ಕಂಡು ಆದ ಸಂತೋಷ, ಅಮೆರಿಕದ ಬೇರಾವ ದೃಶ್ಯವನ್ನು ಕಂಡಾಗಲೂ ಆಗಲಿಲ್ಲ. ಮಕ್ಕಳ ಸಂಜೆಗೂ ಒಂದು ವಹಿ ಉಂಟು! ಅಂದಮೇಲೆ ಲೆಕ್ಕಶೀರ್ಷಿಕೆಯೂ ಇರಲೇಬೇಕು.

ಇತ್ತು. ಅಳಿಯ ತಾಳ್ಮೆಯಿಂದ ವಿವರಿಸಿದ. 2002ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ 49ನೆಯ ಪ್ರಸ್ತಾವವೆಂಬ ಒಂದು ಪ್ರಶ್ನೆಯನ್ನಿಡಲಾಯಿತು: ಶಾಲೆ ಮುಗಿದ ಮೇಲಿನ ಹೊತ್ತಿಗೆ ರಾಜ್ಯದ ಬೊಕ್ಕಸದಿಂದ ಹಣ ಕೊಡಬೇಕೆ, ಬೇಡವೆ? ಅದರ ಮುಂದಾಳು, ಆಗಿನ್ನೂ ಚಲನಚಿತ್ರ ನಟನಾಗಿಯೇ ಹೆಸರಾಗಿದ್ದ, ಮರುವರ್ಷ ರಾಜ್ಯಪಾಲನಾಗಿ ಚುನಾಯಿತನಾದ ಆರ್ನಾಲ್ಡ್ ಶ್ವಾರ್ಜ಼ೆನೆಗರ್. ಮತದಾರರು ಬೇಕೆಂದರು. 2006-07ರಿಂದ ವರ್ಷಕ್ಕೆ 55 ಕೋಟಿ ಡಾಲರುಗಳು ಇದಕ್ಕೆಂದೇ ಮೀಸಲಾದುವು. ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಅನ್ವಯ. ಬಡಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಆದ್ಯತೆ. ಕೊನೆಯ ಗಂಟೆ ಬಾರಿಸಿದ ಕೂಡಲೇ ಆರಂಭವಾಗಬೇಕು. ಸಂಜೆ 6ರವರೆಗಾದರೂ ತೆರೆದಿರಬೇಕು. ವಾರಕ್ಕೆ 15 ಗಂಟೆಗೆ ಕಡಿಮೆಯಾಗಕೂಡದು. ಪಾಠಕ್ಕೆ ನೆರವು ಒಂದು ಪಾಲು, ಆಟ ಮತ್ತು ಕಲೆ ಮತ್ತೊಂದು ಪಾಲು, ತಿಂಡಿ ಕಡ್ಡಾಯ. 20 ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಬೇಕು. ಕೊಡುವ ಶಕ್ತಿ ಇಲ್ಲವೆಂಬ ಕಾರಣದಿಂದ ಯಾವ ಮಗುವನ್ನೂ ಹೊರಗಿಡಕೂಡದು. ಕೇಂದ್ರ ಸರ್ಕಾರದ್ದೂ ಇಂಥದೇ ಒಂದು ಯೋಜನೆ ಉಂಟು. 1998ರಲ್ಲಿ 4 ಕೋಟಿ ಡಾಲರುಗಳಿದ್ದ ಅದರ ಅನುದಾನ 2002ರ ಹೊತ್ತಿಗೆ 100 ಕೋಟಿ ಡಾಲರುಗಳಿಗೆ ಏರಿತು.

“ಹಾಗಾದರೆ ಇಲ್ಲಿ ಯಾವ ತೊಂದರೆಯೂ ಇಲ್ಲ,” ಎಂದರು ರಾಯರು.

ಅಳಿಯ ನಕ್ಕ. “ಹಣ ಬರುವುದು ಸುಲಭ ಮಾವ, ಪ್ರತಿವರ್ಷ ಬರುತ್ತಿರುವಂತೆ ನೋಡಿಕೊಳ್ಳುವುದು ಕಷ್ಟ,” ಎಂದ.

ಆ ಕಷ್ಟದ ಕಥೆಯೂ ಸ್ವಾರಸ್ಯವಾಗಿಯೇ ಇತ್ತು. ಶಾಲೆಯಿರುವ ದಿನಗಳಲ್ಲಿ ಮಧ್ಯಾಹ್ನ ಮೂರರಿಂದ ಆರರವರೆಗಿನ ಹೊತ್ತಿನಲ್ಲಿಯೇ ಎಳೆಯರ ಹಿಂಸಾಪರಾಧಗಳು ಹೆಚ್ಚೆಂದು ಆ ದೇಶದ ಪೊಲೀಸು ದಾಖಲೆಗಳು ತೋರಿಸಿದ್ದುವು. ಆದ್ದರಿಂದ ಮೊದಮೊದಲು ಈ ಹಣವನ್ನು ಬೇಡಿದ್ದು ಭಯದ ಹೆಸರಿನಲ್ಲಿ: ಮಕ್ಕಳನ್ನು ಒಳಗಿಡಿ, ಇಲ್ಲವಾದರೆ ಬೀದಿ ಕೆಡುತ್ತದೆ! ಆಮೇಲೆ ಬೇಡಿದ್ದು ಅಂಕಗಳ ಹೆಸರಿನಲ್ಲಿ: ಸಂಜೆಯೂ ಶಾಲೆಯಲ್ಲಿದ್ದರೆ ಮಕ್ಕಳು ಜಾಣರಾಗುತ್ತಾರೆ! ಅಂಕದ ಆಣೆ ಹಾಕಿದವರನ್ನು ಅಂಕವೇ ಹಿಡಿದು ಕೇಳಿತು. ಕೇಂದ್ರದ ಶಿಕ್ಷಣ ಇಲಾಖೆ ಮಾಡಿಸಿದ ಒಂದು ಅಧ್ಯಯನದ ಮೊದಲ ವರದಿ 2003ರಲ್ಲಿ ಹೊರಬಿದ್ದಾಗ, ವಿದ್ಯಾಭ್ಯಾಸದಲ್ಲಿ ಹೇಳಿಕೊಳ್ಳುವಂತಹ ಮುನ್ನಡೆ ಕಾಣಲಿಲ್ಲವೆಂದು ಅದರಲ್ಲಿತ್ತು. ಕೂಡಲೇ 100 ಕೋಟಿಯನ್ನು 60 ಕೋಟಿಗೆ ಇಳಿಸಬೇಕೆಂದು ಸರ್ಕಾರ ಸೂಚಿಸಿತು; ಶಾಸನಸಭೆ ಒಪ್ಪಲಿಲ್ಲ. 2017ರಲ್ಲಿ ಮತ್ತೊಂದು ಸರ್ಕಾರ, ಪ್ರಯೋಜನಕ್ಕೆ ಸಾಕ್ಷ್ಯವಿಲ್ಲವೆಂಬ ಮಾತನ್ನೇ ಎತ್ತಿ, ಯೋಜನೆಯನ್ನು ಪೂರ್ತಿಯಾಗಿ ಕೈಬಿಡಲು ಹೊರಟಿತು. ಆಗಲೂ ಶಾಸನಸಭೆ ಒಪ್ಪಲಿಲ್ಲ.

ಇದನ್ನು ಕೇಳಿ ರಾಯರು ಬಹಳ ಹೊತ್ತು ಸುಮ್ಮನಿದ್ದರು. ಊಟ ಮಾಡಿದ್ದರಿಂದ ಮಗುವಿಗೆ ಗಣಿತದಲ್ಲಿ ಎಷ್ಟು ಅಂಕ ಹೆಚ್ಚಿತೆಂದು ಯಾವ ತಾಯಿಯೂ ಕೇಳುವುದಿಲ್ಲ. ಉದ್ಯಾನದಲ್ಲಿ ಸುತ್ತು ಹಾಕುವ ಹಿರಿಯರಿಂದ ಯಾವ ಸರ್ಕಾರವೂ ಪರೀಕ್ಷೆಯ ಫಲಿತಾಂಶವನ್ನು ಅಪೇಕ್ಷಿಸುವುದಿಲ್ಲ. ಆಡುವ ಮಗುವಿನಿಂದ ಮಾತ್ರ ಲೋಕ ಒಂದೋ ಅಂಕವನ್ನು ಕೇಳುತ್ತದೆ, ಅಥವಾ ಕಳ್ಳನಾಗುವುದಿಲ್ಲವೆಂಬ ಮುಚ್ಚಳಿಕೆಯನ್ನು ಕೇಳುತ್ತದೆ. ಹನ್ನೆರಡು ವರ್ಷದವರು ಮೂರು ಗಂಟೆಯ ಕಾಲ ಸುಖವಾಗಿ, ಒಬ್ಬ ದೊಡ್ಡವರ ಕಣ್ಣಳತೆಯಲ್ಲಿ ಇದ್ದರೆಂಬುದೇ ಜಮೆಯ ಕಡೆ ಬರೆಯುವಷ್ಟು ದೊಡ್ಡ ವಿಷಯವಲ್ಲವೆ?

ಜೂನಿನಲ್ಲಿ ಶಾಲೆ ಮುಗಿಯಿತು. ಜುಲೈ ತಿಂಗಳ ಮೊದಲ ದಿನ ರಾಜ್ಯಗಳಿಗೆ ತಲುಪಬೇಕಾಗಿದ್ದ ಕೇಂದ್ರದ ಹಣವನ್ನು, ಮರುಪರಿಶೀಲನೆಯ ಕಾರಣ ಹೇಳಿ, ಅಮೆರಿಕದ ಸರ್ಕಾರ ತಡೆಹಿಡಿಯಿತು. ಅದರಲ್ಲಿ ಸಂಜೆಯ ಮತ್ತು ಬೇಸಗೆಯ ಕಾರ್ಯಕ್ರಮಗಳಿಗೆ ಸೇರಿದ್ದೇ ಸುಮಾರು 130 ಕೋಟಿ ಡಾಲರು. ಮೊಮ್ಮಗಳ ಶಾಲೆಯ ಸಂಜೆ ನಡೆಯುತ್ತಿದ್ದದ್ದು ಆ ಹಣದಿಂದ. ಆಗಸ್ಟಿನಲ್ಲಿ ಶಾಲೆ ತೆರೆದಾಗ ಸಂಜೆಯ ಬಾಗಿಲು ತೆರೆಯುವುದೋ ಇಲ್ಲವೋ ಹೇಳಲಾಗದೆಂದು ಶಾಲೆಯಿಂದ ಪತ್ರ ಬಂದಿತು. ಮಗಳು ಕೆಲಸದ ವೇಳೆಯನ್ನು ಬದಲಾಯಿಸಿಕೊಳ್ಳುವ ಯೋಚನೆಗೆ ತೊಡಗಿದಳು. ಎದುರು ಮನೆಯಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಒಬ್ಬ ತಾಯಿಯಿದ್ದಳು; ಅವಳಿಗೆ ಬದಲಾಯಿಸಿಕೊಳ್ಳಲು ವೇಳೆಯೇ ಇರಲಿಲ್ಲ. ಅವಳು ತನ್ನ ಮಗನಿಗೆಂದು ಒಂದು ನಕಲು ಬೀಗದಕೈ ಮಾಡಿಸಿ ತಂದದ್ದನ್ನು ರಾಯರು ಕಣ್ಣಾರೆ ಕಂಡರು. ಪರದೇಶದಲ್ಲಿಯೂ ಅದೇ ತಾಯಿತ!

ಜುಲೈ 18ರಂದು ಆ ಹಣವನ್ನು ಬಿಡುಗಡೆ ಮಾಡುವುದಾಗಿ ಸರ್ಕಾರ ತಿಳಿಸಿತು. ಮಗಳು ನಿಟ್ಟುಸಿರು ಬಿಟ್ಟಳು. ರಾಯರು ಮಾತ್ರ ಒಂದು ವಿಷಯವನ್ನು ಮನಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡರು. 2021ರಲ್ಲಿ ಕ್ಯಾಲಿಫೋರ್ನಿಯಾ ಇದೇ ಉದ್ದೇಶಕ್ಕೆ ಮತ್ತೊಂದು ದೊಡ್ಡ ಯೋಜನೆಯನ್ನು ಆರಂಭಿಸಿತ್ತು. ಆದರೆ ಅದು ಆರನೆಯ ತರಗತಿಗೆ ನಿಲ್ಲುತ್ತದೆ. ಏಳು, ಎಂಟನೆಯ ತರಗತಿಯವರು ಅಲ್ಲಿಯೂ ಉಯ್ಯಾಲೆಯ ಬಳಿ ನಿಂತ ಹುಡುಗರೇ.

ಆಗಸ್ಟಿನ ಕೊನೆಯಲ್ಲಿ ಸ್ವದೇಶಕ್ಕೆ ಮರಳಿದ ರಾಯರು ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬೆಂಗಳೂರಿನಲ್ಲಿಯೇ ನಿಂತರು. ಮೊಮ್ಮಗನ ಕೊರಳ ದಾರ ಇಳಿಯಿತು. ಆದರೆ ರಾಯರ ಪೆನ್ಸಿಲು ಸುಮ್ಮನಾಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ತರಿಸಿ ಓದಿದರು. ಆರರಿಂದ ಎಂಟನೆಯ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆಯ ಬೋಧನೆ. ಭಾಗಿಸಿದರೆ ದಿನಕ್ಕೆ ನಾಲ್ಕೂವರೆ ಗಂಟೆಯ ಮೇಲೆ ಸ್ವಲ್ಪ. ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಗ್ರಿ ಇರಬೇಕು, ಗ್ರಂಥಾಲಯ ಇರಬೇಕು ಎಂದೂ ಅದರ ಅನುಸೂಚಿಯಲ್ಲಿದೆ. ಎಲ್ಲವೂ ಇರಬೇಕು ಸರಿ. ಕೊನೆಯ ಗಂಟೆಯ ಮೇಲೆ ಅವು ಯಾರಿಗಾಗಿ ಇರಬೇಕು? ಆ ಮಾತು ಕಾಣಲಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ 1975ರಿಂದ ಅಂಗನವಾಡಿ ಉಂಟು. ಹದಿನೆಂಟು ದಾಟಿದವರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯುಂಟು. ನಡುವಿನವರಿಗೆ ಮಧ್ಯಾಹ್ನದ ಬಿಸಿಯೂಟದವರೆಗೆ ಸರ್ಕಾರ ಜೊತೆಯಲ್ಲಿರುತ್ತದೆ. ಸಂಜೆಯ ಹಸಿವು ಅವರವರ ಹಣೆಯ ಬರೆಹ.

ಈ ನಾಡಿನಲ್ಲಿ ಯಾರೂ ಇದನ್ನು ಯೋಚಿಸಲಿಲ್ಲವೆಂದಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆಯೇ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು; ಚಾಮರಾಜಪೇಟೆಯಲ್ಲಿ ಆ ಹೆಸರು ಈಗಲೂ ಉಳಿದಿದೆ. 1956ರಲ್ಲಿ ನೆಹರೂ ಅವರ ಆಸಕ್ತಿಯಿಂದ ದೆಹಲಿಯಲ್ಲಿ ಬಾಲಭವನ ಹುಟ್ಟಿತು. ಕಬ್ಬನ್ ಉದ್ಯಾನದ ಬಾಲಭವನ ಅದೇ ಕುಲದ್ದು. ಆದರೆ ನಗರದ ಅಂಚಿನ ಬಡಾವಣೆಯ ಮಗು ನಾಲ್ಕು ಗಂಟೆಗೆ ಶಾಲೆ ಬಿಟ್ಟು ಕಬ್ಬನ್ ಉದ್ಯಾನವನ್ನು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಮನೆಕಂದಾಯದೊಡನೆ ಗ್ರಂಥಾಲಯ ಕರ ಸಲ್ಲುತ್ತದೆ; ಈಗ ಅದು ರೂಪಾಯಿಗೆ 6 ಪೈಸೆ. ಮಗನ ಕಂದಾಯದ ರಸೀತಿಯಲ್ಲಿ ರಾಯರು ಆ ಸಾಲನ್ನು ಬೆರಳಿಟ್ಟು ತೋರಿಸಿದರು. ಪುಸ್ತಕಕ್ಕೆ ಒಂದು ಸಾಲಿರುವುದಾದರೆ ಚೆಂಡಿಗೇಕೆ ಇರಬಾರದು?

ದಸರೆಯ ರಜೆ ಮುಗಿದ ಮೇಲೆ ಒಂದು ದಿನ ರಾಯರು ಬೇವಿನ ಮರದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡರು. ಆಕೆ ನಿಷ್ಠುರದವರಲ್ಲ. “ಮೈದಾನ ಕೊಡುವುದಕ್ಕೆ ನನ್ನ ಅಡ್ಡಿಯೇನೂ ಇಲ್ಲ ರಾಯರೇ. ನಾಲ್ಕೂವರೆಗೆ ಬೀಗ ಹಾಕಿಕೊಂಡು ಹೋಗತಕ್ಕವಳು ನಾನು. ಆಮೇಲೆ ಒಂದು ಮಗುವಿನ ಕೈ ಮುರಿದರೆ ಕೇಳುವವರು ಯಾರನ್ನು ಕೇಳಬೇಕು?” ಎಂದರು. ಪ್ರಶ್ನೆ ಸರಿಯಾದದ್ದೇ. ರಾಯರು ತಾವೇ ಹೊಣೆಯೆಂದು ಬರೆದುಕೊಟ್ಟರು. ಶಾಲಾಭಿವೃದ್ಧಿ ಸಮಿತಿಯವರು ಎರಡು ಸಭೆ ಸೇರಿ ಒಪ್ಪಿದರು. ಗೇಟಿನ ಬೀಗದಕೈ ರಾಯರ ಜೇಬಿಗೆ ಬಂದಿತು.

ಮೊದಲ ದಿನ ಬಂದವರು ಒಂಬತ್ತು ಮಂದಿ. ಎರಡನೆಯ ವಾರದ ಹೊತ್ತಿಗೆ ರಾಯರ ಪುಸ್ತಕದಲ್ಲಿ ಮೂವತ್ತೆಂಟು ಹೆಸರು. ಹೌದು, ರಾಯರು ಪುಸ್ತಕವನ್ನಿಟ್ಟಿದ್ದರು. ಬಂದ ಹೊತ್ತು, ಹೋದ ಹೊತ್ತು, ರುಜು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು, ಮನೆಗೆಲಸದವರ ಮಕ್ಕಳು, ರಾಯರ ಮೊಮ್ಮಗನೂ ಅವನ ಕಟ್ಟಡದ ಗೆಳೆಯರೂ ಒಂದೇ ಚೆಂಡಿನ ಹಿಂದೆ ಓಡಿದರು. ಬಿಳಿಯ ಉಡುಪಿನ ಮೈದಾನದಲ್ಲಿ ಇದು ಸಾಧ್ಯವಿರಲಿಲ್ಲ.

ಹೆಣ್ಣುಮಕ್ಕಳು ಮಾತ್ರ ಗೇಟಿನವರೆಗೆ ಬಂದು ನಿಲ್ಲುತ್ತಿದ್ದರು. “ಅಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೆ ಎಂದು ಅಮ್ಮ ಕೇಳುತ್ತಾಳೆ,” ಎಂದು ಒಬ್ಬಳು, ಕಂಕುಳಲ್ಲಿ ತಮ್ಮನನ್ನು ಹೊತ್ತವಳು, ನೆಲವನ್ನು ನೋಡುತ್ತ ಹೇಳಿದಳು. ರಾಯರು ಹಿಂದಿನ ಬೀದಿಯಲ್ಲಿ ಹೊಲಿಗೆಯಿಂದ ಜೀವನ ಮಾಡುವ ಒಬ್ಬ ಹೆಂಗಸನ್ನು ಬೇಡಿಕೊಂಡರು. ಆಕೆ ಬಂದಳು, ಹುಡುಗಿಯರೂ ಬಂದರು. ಕುಂಟಬಿಲ್ಲೆಯ ಮನೆಗಳು ನೆಲದ ಮೇಲೆ ಮೂಡಿದುವು. ನಾಲ್ಕನೆಯ ದಿನ ಆಕೆ ಸಂಕೋಚದಿಂದ, “ಬುದ್ಧಿ, ಒಂದು ಸಂಜೆ ಇಲ್ಲಿಗೆ ಬಂದರೆ ನನಗೆ ಒಂದು ರವಿಕೆಯ ಕೂಲಿ ಹೋಗುತ್ತದೆ,” ಎಂದಳು. ರಾಯರು ಹತ್ತು ದಿನ ತಮ್ಮ ಪಿಂಚಣಿಯಿಂದ ಆ ಕೂಲಿಯನ್ನು ಕೊಟ್ಟರು. ಹನ್ನೊಂದನೆಯ ದಿನ ಮದುವೆಯ ಕಾಲ ಬಂದು ಹೊಲಿಗೆ ಹೆಚ್ಚಿತು, ಆಕೆ ಬರಲಾಗಲಿಲ್ಲ. ಹುಡುಗಿಯರು ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು.

ಡಿಸೆಂಬರಿನ ಚಳಿಯಲ್ಲಿ ರಾಯರಿಗೆ ಜ್ವರ ಬಂದಿತು. ಎಂಟು ದಿನ ಹಾಸಿಗೆ. ಎಂಟು ದಿನವೂ ಬೀಗ ತೆರೆಯಲಿಲ್ಲ. ಆರನೆಯ ದಿನ ಮೊಮ್ಮಗ ಬಂದು ಹಾಸಿಗೆಯ ಬಳಿ ಕುಳಿತು, “ಎಲ್ಲರೂ ರಸ್ತೆಯಲ್ಲಿ ಆಡುತ್ತಿದ್ದಾರೆ ತಾತ. ಇವತ್ತು ಒಬ್ಬ ಹುಡುಗನಿಗೆ ಸ್ಕೂಟರು ತಗುಲಿತು. ಹೆಚ್ಚೇನೂ ಆಗಿಲ್ಲ, ಮಂಡಿ ತರಚಿದೆ,” ಎಂದ. ಜ್ವರಕ್ಕಿಂತ ಆ ಮಾತು ರಾಯರನ್ನು ಹೆಚ್ಚಾಗಿ ಸುಟ್ಟಿತು. ತಮ್ಮ ಸೇವೆಯ ಬಗ್ಗೆ ಒಳಗೊಳಗೆ ಬೆಳೆದಿದ್ದ ಸಣ್ಣ ಹೆಮ್ಮೆ ಅಂದು ಕರಗಿಹೋಯಿತು. ಒಬ್ಬ ಮುದುಕನ ಜ್ವರದೊಡನೆ ನಿಂತುಹೋಗುವುದು ಉಪಕಾರವೆನಿಸಬಹುದು, ವ್ಯವಸ್ಥೆಯೆನಿಸದು. ಖಜಾನೆಯಲ್ಲಿ ಗುಮಾಸ್ತನಿಗೆ ಜ್ವರ ಬಂದರೆ ಪಿಂಚಣಿ ನಿಲ್ಲುತ್ತಿತ್ತೆ? ಅವನ ಜಾಗದಲ್ಲಿ ಇನ್ನೊಬ್ಬ ಬರುತ್ತಿದ್ದ. ಏಕೆಂದರೆ ಅಲ್ಲಿ ಸಂಬಳವಿದ್ದದ್ದು ವ್ಯಕ್ತಿಗಲ್ಲ, ಕುರ್ಚಿಗೆ.

ಮೈದಾನವಿದೆ, ಮರವಿದೆ, ಮಕ್ಕಳಿದ್ದಾರೆ. ಹೊಸದಾಗಿ ಕಟ್ಟಬೇಕಾದದ್ದು ಏನೂ ಇಲ್ಲ. ಇಲ್ಲದಿರುವುದು ನಾಲ್ಕೂವರೆಗೆ ಬೀಗ ತೆಗೆಯುವ ಕೈಗೆ ಒಂದು ಸಂಬಳ. ಸರ್ಕಾರಗಳು ಕಲ್ಲಿಗೆ ಸಂತೋಷದಿಂದ ಹಣ ಕೊಡುತ್ತವೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಸಂಜೆ ಆರೂವರೆಯವರೆಗೆ ಬೇವಿನ ಮರದ ಕೆಳಗೆ ನಿಂತಿರುವ ಒಬ್ಬ ಹೆಂಗಸಿನ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗುವುದಿಲ್ಲ. ಬಹುಶಃ ತೊಡಕಿರುವುದು ಅಲ್ಲಿಯೇ.

ಜ್ವರ ಬಿಟ್ಟ ಮೇಲೆ ರಾಯರು ಮೊದಲು ಮಾಡಿದ ಕೆಲಸ ಒಂದು ಅರ್ಜಿ ಬರೆದದ್ದು. ಭಾವನೆಯ ಮಾತು ಒಂದೂ ಇಲ್ಲದ, ಅಚ್ಚುಕಟ್ಟಾದ ಅಂದಾಜು ಪಟ್ಟಿ ಅದು. ದಿನಕ್ಕೆ ಎರಡು ಗಂಟೆಯ ಕೆಲಸಕ್ಕೆ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಗೌರವಧನವಲ್ಲ, ಸಂಬಳ. ಮಕ್ಕಳಿಗೆ ಕಡಲೆ, ಬಾಳೆಯಹಣ್ಣು. ಚೆಂಡು ನಾಲ್ಕು, ಹಗ್ಗ ಆರು. ಗಾಯಕ್ಕೆ ಔಷಧಿಯ ಪೆಟ್ಟಿಗೆ ಒಂದು. ದಾಖಲೆ ಪುಸ್ತಕ ಒಂದು. ಕೊನೆಯಲ್ಲಿ ‘ಲೆಕ್ಕಶೀರ್ಷಿಕೆ’ ಎಂಬ ಅಂಕಣ. ಮೂವತ್ತಾರು ವರ್ಷದ ಅನುಭವವೂ ಅಲ್ಲಿ ಏನನ್ನು ಬರೆಯಬೇಕೆಂದು ಹೇಳಲಿಲ್ಲ. ರಾಯರು ಅದನ್ನು ಖಾಲಿ ಬಿಟ್ಟು ರುಜು ಹಾಕಿದರು. ತುಂಬಬೇಕಾದವರು ತುಂಬಲಿ.

ಅರ್ಜಿಯನ್ನು ಶಾಸಕರ ಕಚೇರಿಯಲ್ಲಿ ಒಂದು, ನಗರಪಾಲಿಕೆಯಲ್ಲಿ ಒಂದು ಕೊಟ್ಟು, ಎರಡಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಮನೆಗೆ ಬರುವಾಗ ನಾಲ್ಕು ದಾಟಿತ್ತು. ಗೇಟಿನ ಮುಂದೆ ಇಪ್ಪತ್ತು ಮೂವತ್ತು ಮಕ್ಕಳು ಕಾದಿದ್ದರು. ಮೊಮ್ಮಗ ಓಡಿಬಂದು ಕೈಯೊಡ್ಡಿದ. “ನೀವು ಆಯಾಸಪಟ್ಟಿದ್ದೀರಿ ತಾತ. ಬೀಗದಕೈ ಕೊಡಿ, ಇನ್ನು ಮೇಲೆ ನಾನೇ ತೆಗೆಯುತ್ತೇನೆ.”

ರಾಯರು ಜೇಬಿನಲ್ಲಿ ಕೈಯಿಟ್ಟರು. ಕರಿಯ ದಾರದ ನೆನಪಾಯಿತು. ಕೈಯನ್ನು ಹಾಗೆಯೇ ನಿಲ್ಲಿಸಿ, “ಬೇಡ ಮಗು,” ಎಂದರು. “ನೀನು ಆಡತಕ್ಕವನು. ತೆಗೆಯತಕ್ಕವರು ದೊಡ್ಡವರು.”

ಗೇಟು ಕಿರುಗುಟ್ಟಿ ತೆರೆಯಿತು.